ಮಗಳ ಅಂಗೈ ಕೆಳಗಿನ ಹಲಗೆ

ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಬಂದ ಜ್ವರ ಇಳಿಯಿತು, ಕಿವಿ ಮಾತ್ರ ಮರಳಿ ಬರಲಿಲ್ಲ. ಅಂದಿನಿಂದ ಅವಳ ಪರವಾಗಿ ಕೇಳುವುದು, ಅವಳ ಪರವಾಗಿ ಉತ್ತರ ಕೊಡುವುದು ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ, ಶಾಲೆಯಲ್ಲಿ, ದವಾಖಾನೆಯಲ್ಲಿ ಯಾರು ಏನು ಕೇಳಿದರೂ ನಾನೇ ಬಾಯಿ ತೆರೆಯುತ್ತಿದ್ದೆ. ಅವಳು ಬೆಳೆದು ಹೊಲಿಗೆ ಕಲಿತಳು. ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಮೆಕ್ಯಾನಿಕ್ ಆಗಿರುವವನನ್ನು ಮದುವೆಯಾಗಿ, ಅಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡಳು. ಅಳಿಯನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಕೈಸನ್ನೆಯ ಮಾತನ್ನು ಅವಳಿಂದಲೇ ಕಲಿತ.

ಚೊಚ್ಚಲ ಬಾಣಂತನಕ್ಕೆ ಅವಳು ಯಲಬುರ್ಗಾಕ್ಕೆ, ನನ್ನ ಮನೆಗೆ ಬಂದಳು. ಕೊಪ್ಪಳದ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಕೂಸಿನ ಕಿವಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದಾಗ ನಾನು ಅತ್ತುಬಿಟ್ಟೆ, ಮಗಳು ನಕ್ಕಳು. ಹೊರಡುವಾಗ ನರ್ಸಮ್ಮ ಒಂದು ಮಾತು ಹೇಳಿ ಕಳಿಸಿದರು: "ಕೂಸಿನ್ನ ತಾಯಿ ಹತ್ರನ ಮಲಗಿಸ್ರಿ, ಆದ್ರ ಒಂದೇ ಹಾಸಿಗ್ಯಾಗ ಬ್ಯಾಡ. ಬ್ಯಾರೆ ಜಾಗ ಇರ್ಲಿ, ಗಟ್ಟಿ ಗಾದಿ ಇರ್ಲಿ, ದಿಂಬು ಇಡಬ್ಯಾಡ್ರಿ. ಬೆನ್ನ ಮ್ಯಾಲ ಮಲಗಿಸ್ರಿ."

ಕೂಸು ಹುಟ್ಟುವ ಮೊದಲು ತೊಟ್ಟಿಲು ತರಬಾರದು ಎನ್ನುವ ಜನ ನಾವು. ಹೀಗಾಗಿ ಎಲ್ಲಿ ಮಲಗಿಸುವುದು ಎಂಬ ಪ್ರಶ್ನೆ ಕೂಸಿನ ಜೊತೆಗೇ ಮನೆಯೊಳಗೆ ಬಂತು. ನನ್ನ ಮನಸ್ಸಿನಲ್ಲಿ ಮಾತ್ರ ಅದು ಪ್ರಶ್ನೆಯೇ ಆಗಿರಲಿಲ್ಲ.

"ಕೂಸು ನನ್ನ ಮಗ್ಗಲಕ ಇರ್ತೈತಿ," ಎಂದೆ. "ಅದು ಅತ್ರ ನಿನಗ ಹೆಂಗ ಗೊತ್ತಾಗಬೇಕವ್ವಾ? ಹಾಲು ಕುಡಿಸೂ ಹೊತ್ತಿಗೆ ನಾನ ಎಬ್ಬಸ್ತೀನಿ."

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಪೂರ್ತಿ ಓದಿಕೊಂಡ ಮೇಲೆ ಕೂಸನ್ನು ಎದೆಗೊತ್ತಿಕೊಂಡು, ಬಿಡುವಿದ್ದ ಕೈಯಿಂದ ಎರಡೇ ಸನ್ನೆ ಮಾಡಿದಳು: ನನ್ನದು, ನಾನೇ. ಆಮೇಲೆ ಮುಂದಿನ ಕೋಣೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ನನ್ನ ಖಾನಾವಳಿ ಇದೆ. ಬೆಳಗಾದರೆ ಒಲೆ ಹೊತ್ತಬೇಕು, ಕಚೇರಿಯವರು ಬರುವಷ್ಟರಲ್ಲಿ ರೊಟ್ಟಿ ಆಗಿರಬೇಕು. ರೊಟ್ಟಿ ಬಡಿಯುವ ಸದ್ದಿನಲ್ಲಿ ನಿನಗಾದರೂ ಎಲ್ಲಿ ಕೇಳುತ್ತದೆ ಎಂಬುದು ಅವಳ ಮಾತು.

ಮರುದಿನದಿಂದ ಅವಳು ಮಲಗಿಸುವ ಜಾಗ ಒಂದೊಂದನ್ನೇ ಪರೀಕ್ಷಿಸತೊಡಗಿದಳು. ಓಣಿಯವರಿಂದ ತಂದು ತೊಲೆಗೆ ತೂಗುಹಾಕಿದ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿ, ಸರಪಳಿ ಹಿಡಿದು ಕಣ್ಣು ಮುಚ್ಚಿ ಕುಳಿತಳು. ಕೂಸು ಅಲುಗಿದರೂ ಸರಪಳಿ ಆಡುತ್ತಿತ್ತು, ಗಾಳಿ ಬೀಸಿದರೂ ಆಡುತ್ತಿತ್ತು. ತಲೆ ಅಲ್ಲಾಡಿಸಿ ಎದ್ದಳು. ನೆಲದ ಮೇಲೆ ಗಾದಿ ಹಾಸಿ ನೋಡಿದಳು. ಕಲ್ಲಿನ ನೆಲ, ಅಂಗೈಗೆ ಏನೂ ತಿಳಿಸಲಿಲ್ಲ. ಭಾನುವಾರ ಬಂದ ಅಳಿಯ ಕೊಪ್ಪಳದ ಅಂಗಡಿಯಿಂದ ಸೊಳ್ಳೆಪರದೆಯ ಬುಟ್ಟಿ ಹಾಸಿಗೆ ತಂದಿದ್ದ. ನೋಡಲು ಚೆಂದವಿತ್ತು. ಅವಳು ಅದರ ಅಂಚಿಗೆ ಅಂಗೈ ಇಟ್ಟು, ಆಚೆ ಕಡೆ ತಟ್ಟು ಎಂದು ಅವನಿಗೆ ಸನ್ನೆ ಮಾಡಿದಳು. ಅವನು ತಟ್ಟಿದ, ಇನ್ನೂ ಜೋರಾಗಿ ತಟ್ಟಿದ. ಮೆತ್ತನೆಯ ಆ ಬುಟ್ಟಿ ಎಲ್ಲವನ್ನೂ ನುಂಗಿಕೊಂಡಿತು.

ಆಗ ಅವಳು ಗಂಡನಿಗೆ ಬಹಳ ಹೊತ್ತು ಏನನ್ನೋ ವಿವರಿಸಿದಳು. ಕೈಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ ನನಗೇ ಅರ್ಧ ತಿಳಿಯಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಅತ್ತಿ, ಹೊಲಿಯೂ ಮುಂದ ದಾರ ಹರಿದ್ರ ಅಕಿಗೆ ಕಣ್ಣಿಗಿಂತ ಮೊದ್ಲ ಕೈಗೆ ಗೊತ್ತಾಗತೈತಿ ಅಂತ್ರಿ. ಮಷಿನ್ನಿನ ಹಲಗಿ ಹೇಳತೈತಿ ಅಂತ. ಕೂಸಿನ ಕೆಳಗೂ ಅಂಥಾದ ಒಂದು ಹಲಗಿ ಬೇಕಂತ."

"ಹಲಗಿ ಮ್ಯಾಲ ಕೂಸಿನ್ನ ಮಲಗಸ್ತಾರೇನಪಾ?"

"ಮ್ಯಾಲ ಗಾದಿ ಇರ್ತೈತ್ರಿ. ನರ್ಸಮ್ಮನೂ ಗಟ್ಟೀದ ಇರ್ಲಿ ಅಂದಾರಲ್ರಿ."

ಅವಳು ಹೇಳಿದಂತೆ ಅವನು ಬಡಿಗೇರರ ಹತ್ತಿರ ಕೂತು ಮಾಡಿಸಿದ. ಮಂಚದಷ್ಟೇ ಎತ್ತರದ ನಾಲ್ಕು ಕಾಲು, ಮೂರು ಕಡೆ ಕಟ್ಟಿಗೆ ಪಟ್ಟಿಗಳ ಕಟಾಂಜನ, ಮಂಚದ ಕಡೆ ಮಾತ್ರ ತೆರೆದದ್ದು. ಅಡಿಯಲ್ಲಿ ಒಂದೇ ತೆಳು ಹಲಗೆ. ಅದರದೊಂದು ತುದಿ ಮಗಳ ಹಾಸಿಗೆಯ ಮೇಲೆ ಗೇಣುದ್ದ ಚಾಚಿಕೊಂಡಿತ್ತು. ಹಲಗೆಯ ಮೇಲೆ ತೆಳ್ಳನೆಯ ಹತ್ತಿ ಗಾದಿಯನ್ನು ಅವಳೇ ಬಿಗಿಯಾಗಿ ಹೊಲಿದು ಕೂರಿಸಿದಳು. ಮನೆಗೆ ಕೂಸನ್ನು ನೋಡಲು ಬಂದ ಊರಿನ ನರ್ಸಮ್ಮ ಮಂಚಕ್ಕೂ ಅದಕ್ಕೂ ನಡುವೆ ಬೆರಳು ತೂರಿಸಿ, "ಇಲ್ಲಿ ಸಂದಿ ಉಳೀಬಾರ್ದ್ರಿ, ಬಿಗಿಯಾಗಿ ಕಟ್ರಿ" ಎಂದರು. ಅಳಿಯ ಅಲ್ಲಾಡದಂತೆ ಕಟ್ಟಿದ.

ಒಂದು ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ನಾನು ಕೋಣೆಯ ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತಾ ಕುಳಿತಿದ್ದೆ. ಮಗಳು ಹಲಗೆಯ ತುದಿಗೆ ಅಂಗೈ ಊರಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕಂದಿನಲ್ಲಿದ್ದಂತೆಯೇ. ಕೂಸು ಮುಖ ಕಿವುಚಿ ಒಂದು ಕಾಲು ಝಾಡಿಸಿತು. ಇನ್ನು ಅಳುತ್ತದೆ ಎಂದು ನಾನು ಅಡಕತ್ತರಿ ಕೆಳಗಿಟ್ಟು ಏಳುವಷ್ಟರಲ್ಲಿ ಮಗಳು ಎದ್ದು ಕೂಸನ್ನು ಎತ್ತಿಕೊಂಡಾಗಿತ್ತು. ಕೂಸು ಅಳಲೇ ಇಲ್ಲ. ನಾನು ಬಾಗಿಲಲ್ಲೇ ನಿಂತೆ. ಅಷ್ಟು ವರ್ಷ ಅವಳ ಕಿವಿಯಾಗಿದ್ದೇನೆ ಎಂದುಕೊಂಡಿದ್ದೆ; ನನ್ನ ಕಿವಿಗೆ ಕೂಸು ಬಾಯಿ ಬಿಟ್ಟ ಮೇಲೆಯೇ ತಿಳಿಯುತ್ತಿತ್ತು, ಅವಳ ಅಂಗೈಗೆ ಅದಕ್ಕೂ ಮೊದಲೇ.

ಹಾಗಂತ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಕೂಸು ಕಿರುಚಿ ಅಳುವುದು ಕೇಳಿತು. ಓಡಿ ಹೋದರೆ ಮಗಳು ಹಲಗೆಯ ಮೇಲೆ ಕೈಯಿಟ್ಟು ಗಾಢ ನಿದ್ದೆಯಲ್ಲಿದ್ದಾಳೆ. ಕೂಸಿಗೆ ಎರೆಯಲು ಬರುತ್ತಿದ್ದ ಅಜ್ಜಿ ಅಂದು ನೀರು ಹಾಕಿದ ಮೇಲೆ ಕೈಕಾಲು ಸೇರಿಸಿ ಹಳೆಯ ಸೀರೆಯಲ್ಲಿ ಬಿಗಿಯಾಗಿ ಸುತ್ತಿದ್ದಳು. ಕಾಲು ಆಡದೆ ಹಲಗೆ ಏನು ಹೇಳೀತು? ನಾನು ಮಗಳನ್ನು ಮುಟ್ಟಿ ಎಬ್ಬಿಸಿದೆ. ಅಳುವ ಕೂಸನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಇನ್ನು ಕೂಸನ್ನು ನನ್ನ ಹತ್ತಿರ ಬಿಡುತ್ತಾಳೆ ಎಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, ಸುತ್ತಿದ್ದ ಬಟ್ಟೆ ಬಿಚ್ಚಿ, ಕೂಸಿನ ಕಾಲುಗಳನ್ನು ತಿಕ್ಕುತ್ತಾ ಬಹಳ ಹೊತ್ತು ಕುಳಿತಳು. ಆಮೇಲೆ ಮಷಿನ್ ಕೇಳಿದಳು. ಓಣಿಯವರ ಮನೆಯಿಂದ ತರಿಸಿಕೊಟ್ಟೆ. ಸಂಜೆಯೊಳಗೆ ಎದೆ ಹೊಟ್ಟೆ ಬೆಚ್ಚಗಿರುವಂತೆ, ಕಾಲೆರಡೂ ಬಿಡಿಯಾಗಿರುವಂತೆ ಅಂಗಿಗಳನ್ನು ಹೊಲಿದಿಟ್ಟಳು.

ಮರುದಿನ ಅಜ್ಜಿ ಒಪ್ಪಲಿಲ್ಲ. "ಕೈಕಾಲು ಕಟ್ಟಲಿಲ್ಲಂದ್ರ ಕೂಸು ಬೆಚ್ಚಿ ಬೀಳತೈತಿ ತಂಗಿ."

ಮಗಳು ಅಜ್ಜಿಯ ಕೈ ಹಿಡಿದು ಹಲಗೆಯ ತುದಿಯ ಮೇಲೆ ಇರಿಸಿದಳು. ಕೂಸು ಒದೆಯಿತು. ಅಜ್ಜಿ ಕೈ ಸರಕ್ಕನೆ ಎತ್ತಿ, ಮತ್ತೆ ಇಟ್ಟು, ನನ್ನ ಕಡೆ ನೋಡಿದಳು. "ಯವ್ವಾ, ಇದು ಮಾತಾಡತೈತಲ್ಲ!" ಅಂದಿನಿಂದ ಆಕೆ ಕಾಲು ಕಟ್ಟಲಿಲ್ಲ.

ಬಾಣಂತನ ಮುಗಿಸಿ ಮಗಳು ಕಾರಟಗಿಗೆ ಹೋದ ಮೇಲೆ ನಾನೊಮ್ಮೆ ಅವಳನ್ನು ನೋಡಲು ಹೋಗಿದ್ದೆ. ಅಂದು ಕುಷ್ಟಗಿಯಿಂದ ಒಬ್ಬ ತುಂಬು ಬಸುರಿ ತನ್ನ ಅತ್ತೆಯ ಜೊತೆ ಬಂದಿದ್ದಳು. ಅವಳಿಗೂ ಕಿವಿ ಕೇಳದು. ಮಗಳ ಪರಿಚಯ ವಿಡಿಯೋ ಕರೆಯಲ್ಲಿ ಆದದ್ದಂತೆ. ಇಬ್ಬರೂ ಯಲಬುರ್ಗಾದಿಂದ ತಂದಿದ್ದ ಹಲಗೆಯ ಪಕ್ಕ ಕುಳಿತು ಕೈಯಲ್ಲೇ ಮಾತಿಗಿಳಿದರು.

ಆ ಅತ್ತೆ ಮೆಲ್ಲಗೆ ನನ್ನನ್ನು ಕೇಳಿದಳು: "ಕೂಸಿನ್ನ ಅಕಿ ಹತ್ರ ಬಿಡಾಕ ನಿಮಗ ಹೆದರಿಕಿ ಆಗ್ಲಿಲ್ಲೇನ್ರಿ?"

"ಭಾಳ ಆಗಿತ್ರಿ."

"ಮತ್ತ ಹೆಂಗ ಬಿಟ್ರಿ?"

ಹೇಳಲು ನನ್ನ ಬಾಯಿ ತೆರೆದಿತ್ತು. ಆದರೆ ತಡೆದುಕೊಂಡೆ. "ಅಕಿನ್ನ ಕೇಳ್ರಿ," ಎಂದೆ. "ಅಕಿ ಮಾರಿ ನೋಡಿ, ತುಟಿ ಕಾಣೂ ಹಂಗ ಸಾವಕಾಶ ಮಾತಾಡ್ರಿ, ಅಕಿಗೆ ತಿಳೀತೈತಿ."

ಆಕೆ ಎದ್ದು ಹೋಗಿ ಮಗಳ ಎದುರಿಗೆ ಕುಳಿತಳು. ನಾನು ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಬಿಸಿಲು ಕಾಯಿಸಲು ಹೋದೆ.