ಅಲ್ಲಿ ತಮ್ಮಲೆಗೆ ಶಬ್ದ ಉಂಟು

ಫಿನ್ಲೆಂಡಿಗೆ ಬಂದ ನಾಲ್ಕನೇ ದಿನ, ನಾನು ನರ್ಸ್ ಆಗಿ ಸೇರಿದ್ದ ವೃದ್ಧರ ಆರೈಕೆ ಮನೆಯ ಬೋರ್ಡಿನಲ್ಲಿ ನನ್ನ ಹೆಸರು ಕಂಡಿತು: ‘ಸುಮತಿಲ್ಲ’. ನಮ್ಮೂರು ಸಿದ್ಧಕಟ್ಟೆಯಿಂದ ಇಷ್ಟು ದೂರ ಬಂದು ಕಣ್ಣೆದುರು ನಿಂತಿದ್ದೇನೆ, ಇವರು ಸುಮತಿ ಇಲ್ಲ ಎಂದು ಬರೆದಿದ್ದಾರಲ್ಲ! ಆಮೇಲೆ ತಿಳಿಯಿತು, ಮಂಗಳವಾರ ಸುಮತಿಗೆ ರಜೆ ಎಂದು ಆ ಇಡೀ ಸಾಲಿನ ಅರ್ಥ. ‘ಲ್ಲ’ ಇಲ್ಲಿನ ಒಂದು ವಿಭಕ್ತಿ ಪ್ರತ್ಯಯ. ಇಂಥವು ಹದಿನೈದು ಉಂಟಂತೆ. ಶಾಲೆಯಲ್ಲಿ ಏಳು ವಿಭಕ್ತಿ ಬಾಯಿಪಾಠ ಮಾಡುವಾಗಲೇ ಪೆಟ್ಟು ತಿಂದವಳು ನಾನು.

ಮನೆ ಸಿಕ್ಕಿತು, ಒಂದೇ ಕೋಣೆಯದ್ದು, ಬೆಚ್ಚಗೆ. ಆದರೆ ಎದುರು ಮನೆಯವರು ಬಾಗಿಲ ಕಿಂಡಿಯಲ್ಲಿ ನೋಡಿ, ನಾನು ಮೆಟ್ಟಿಲಿಳಿದು ಹೋದ ಮೇಲೆಯೇ ಹೊರಗೆ ಬರುತ್ತಾರೆ. ಸಿಟ್ಟಿನಿಂದಲ್ಲ, ತೊಂದರೆ ಕೊಡಬಾರದೆಂಬ ಮರ್ಯಾದೆಯಿಂದ. ನಮ್ಮ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಮೂರು ಜನ ‘ಎಲ್ಲಿಗೆ, ಯಾರ ಮನೆಗೆ’ ಎಂದು ವಿಚಾರಿಸುತ್ತಾರೆ. ಅಲ್ಲಿರುವಾಗ ಅದು ಕಿರಿಕಿರಿ ಎನಿಸುತ್ತಿತ್ತು. ಇಲ್ಲಿ ಒಬ್ಬರಾದರೂ ಕೇಳಲಿ ಎಂದು ಹಂಬಲಿಸಿದೆ. ಕುಚ್ಚಲಕ್ಕಿಯೂ ಸಿಗಲಿಲ್ಲ. ‘ರೂಯಿಸ್‌ಲೇಪಾ’ ಎಂಬ ಕಪ್ಪು ರೊಟ್ಟಿಯನ್ನು ಉಪ್ಪಿನಕಾಯಿ ಹಚ್ಚಿ ನುಂಗಲು ಕಲಿತೆ.

ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಭಾಷೆಯ ತರಗತಿ. ಕಲಿಸುವವರು ಕಾರೀನಾ ಎಂಬ ನಿವೃತ್ತ ಶಿಕ್ಷಕಿ. ಒಂದು ದಿನ ಅವರು ಬಂಧುಗಳ ಶಬ್ದ ಹೇಳಿಕೊಟ್ಟರು. ಮಗಳಿಗೆ ‘ತ್ಯುತಾರ್’, ಅಕ್ಕತಂಗಿಗೆ ‘ಸಿಸರ್’. ಇವೆರಡೂ ಬಾಲ್ಟಿಕ್ ಜನರಿಂದ ಬಂದವಂತೆ. ಲಿಥುವೇನಿಯದಲ್ಲಿ ಇಂದಿಗೂ ಮಗಳು ‘ದುಕ್ತೆ’. ಸಂಸ್ಕೃತದ ದುಹಿತೃ, ಸ್ವಸೃ ಅವುಗಳಿಗೆ ದೂರದ ನೆಂಟರು. ಅಮ್ಮ ಎಂಬ ಅರ್ಥದ ಶಬ್ದವೂ ಜರ್ಮನ್ ಕಡೆಯದಂತೆ.

“ಅಮ್ಮ ಎನ್ನಲೂ ಹೊರಗಿನ ಶಬ್ದವೇ?” ಎಂದು ಕೇಳಿದೆ.

ಕಾರೀನಾ ನಕ್ಕರು. “ಏನು ಮಾಡುವುದು? ಆದರೆ ‘ಎನೊ’ ನಮ್ಮದೇ, ತುಂಬ ಹಳೆಯದು. ತಾಯಿಯ ಅಣ್ಣತಮ್ಮಂದಿರಿಗೆ ಮಾತ್ರ ಹಾಗೆ ಹೇಳುವುದು. ತಂದೆಯ ಕಡೆಯವರಿಗೆ ಬೇರೆ ಶಬ್ದ.”

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಮ್ಮದು ಅಳಿಯಸಂತಾನದ ಮನೆ. ಕುಟುಂಬ ತಾಯಿಯ ಬಳ್ಳಿಯಲ್ಲಿ ಹರಿಯುತ್ತದೆ, ಮನೆಯ ಯಜಮಾನ ಸೋದರಮಾವ. ತುಳುವಿನಲ್ಲಿ ಅವರು ತಮ್ಮಲೆ. ನನಗೆ ಎರಡು ವರ್ಷವಾಗಿದ್ದಾಗ ಅಪ್ಪ ತೀರಿಹೋದರು. ನನ್ನನ್ನೂ ತಮ್ಮ ಹರೀಶನನ್ನೂ ಸಾಕಿದವರು ತಮ್ಮಲೆ. ಮೂಡುಬಿದಿರೆಯಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದರು. ನಾನು ಅಲ್ಲೇ ನರ್ಸಿಂಗ್ ಓದುವಾಗ ಸಂಜೆಯ ಸಿದ್ಧಕಟ್ಟೆ ಬಸ್ಸನ್ನು ನನಗಾಗಿ ಎರಡು ನಿಮಿಷ ತಡೆದು, ಡ್ರೈವರನಿಂದ ಬೈಸಿಕೊಳ್ಳುತ್ತಿದ್ದರು.

ಆ ದಿನವೇ ತಮ್ಮಲೆಗೆ ಫೋನು ಮಾಡಿದೆ. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇಲ್ಲಿ ತಮ್ಮಲೆಗೆ ಬೇರೆಯೇ ಶಬ್ದ ಉಂಟು. ಅಮ್ಮ ಅನ್ಲಿಕ್ಕೂ ಹೊರಗಿನ ಶಬ್ದ ಇವರಿಗೆ. ತಮ್ಮಲೆ ಮಾತ್ರ ಸ್ವಂತದ್ದು.”

“ಅಲ್ಲಿಯೂ ಉಂಟಾ ನಾನು?” ಎಂದು ಕೆಮ್ಮು ಬರುವಷ್ಟು ನಕ್ಕರು. “ಹಾಗಾದ್ರೆ ಅವರು ನಮ್ಮ ಹಾಗಿನವರೇ ಮಾರಾಯ್ತಿ. ಇನ್ನು ನಿನ್ನ ಬಗ್ಗೆ ಹೆದರಿಕೆ ಇಲ್ಲ.”

ಅವರು ನಂಬಿದರು. ಸುಳ್ಳು ಯಾಕೆ ಹೇಳಲಿ, ನಾನೂ ನಂಬಿದೆ.

ಚಳಿಗಾಲದಲ್ಲಿ ಆ ಕೆಮ್ಮು ಜೋರಾಯಿತು. ಎರಡೂ ಶ್ವಾಸಕೋಶ ಹಾಳಾಗಿದ್ದವು. ಹರೀಶ ಫೋನಿನಲ್ಲಿ, “ಅಕ್ಕ, ಹೆಚ್ಚಂದ್ರೆ ಹತ್ತು ದಿನ ಅಂತೆ. ನಿನ್ನನ್ನೇ ಕೇಳ್ತಿದ್ದಾರೆ. ಬರ್ಲಿಕ್ಕೆ ಆಗ್ತದಾ?” ಎಂದ.

“ಬರ್ತೇನೆ,” ಎಂದೆ.

ನಮ್ಮ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ‘ಎನೊನಿ’ ಎಂದೆ, ನನ್ನ ಸೋದರಮಾವ. ಕೊನೆಯ ‘ನಿ’ ಎಂದರೆ ನನ್ನ. ಮೊದಲ ಬಾರಿ ತಪ್ಪಿಲ್ಲದೆ ಹೇಳಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಯಾರಿಗಾಗಿ ತುರ್ತು ರಜೆ ಕೊಡಬಹುದೆಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದರು. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು. ಪಟ್ಟಿ ಅಲ್ಲಿಗೆ ಮುಗಿಯಿತು.

“ಎನೊ ಇದರಲ್ಲಿ ಬರುವುದಿಲ್ಲ,” ಎಂದರು. ಜ್ವರ ಹರಡಿ ಮೂವರು ನರ್ಸ್‌ಗಳು ಮಲಗಿದ್ದರು. ಮೂರು ವಾರ ಬಿಟ್ಟು ಹೋಗಬಹುದಂತೆ.

“ನನ್ನನ್ನು ಸಾಕಿದವರು ಅವರೇ. ನನಗೆ ಅಪ್ಪನೂ ಅವರೇ.”

“ದತ್ತು ತೆಗೆದುಕೊಂಡ ಕಾಗದ ಇದೆಯೇ?”

ನಮ್ಮಲ್ಲಿ ಯಾವ ತಮ್ಮಲೆ ಸೋದರಸೊಸೆಯನ್ನು ಕಾಗದ ಮಾಡಿ ದತ್ತು ತೆಗೆದುಕೊಳ್ಳುತ್ತಾನೆ? ಬಂಟ್ವಾಳದ ಯಾವ ಅಂಗಡಿಯಲ್ಲಾದರೂ ‘ತಮ್ಮಲೆಗೆ ಕಾಯಿಲೆ ಜೋರುಂಟು’ ಎಂದು ಹೇಳಿ ನೋಡಿ, ಧಣಿಯೇ ರಿಕ್ಷಾ ಕರೆದು ಹತ್ತಿಸುತ್ತಾನೆ. ಇಲ್ಲಿ ಹೇಳದೆ ಕೇಳದೆ ಹೊರಟರೆ ಕೆಲಸ ಹೋಗುತ್ತದೆ, ಅದರ ಹಿಂದೆಯೇ ಈ ದೇಶದಲ್ಲಿರುವ ಪರವಾನಗಿಯೂ ಹೋಗುತ್ತದೆ. ಮೇಲ್ವಿಚಾರಕಿಯ ಕಣ್ಣಲ್ಲೂ ನೀರಿತ್ತು. ಬೈಯೋಣವೆಂದರೆ ಬೈಯಲೂ ಯಾರೂ ಇರಲಿಲ್ಲ.

ಮರುದಿನ ಆರೈಕೆ ಮನೆಯ ಹೆಲ್ಮಿ ಅಜ್ಜಿಗೆ ಕಾಲುಚೀಲ ಹಾಕುವಾಗ ಅಳು ತಡೆಯಲಾಗಲಿಲ್ಲ. ಆಕೆಗೆ ಮಕ್ಕಳ ಹೆಸರೂ ಮರೆತಿದೆ. ನನ್ನನ್ನು ಹಳೆಯ ಕಾಲದವರಂತೆ ‘ಸಿಸರ್’ ಎಂದೇ ಕರೆಯುತ್ತಾಳೆ.

“ಯಾಕೆ ಅಳುತ್ತೀ ಸಿಸರ್?”

“ನನ್ನ ಎನೊ ಸಾಯುತ್ತಿದ್ದಾರೆ.”

“ಹಾಗಾದರೆ ಹೋಗು. ಎನೊ ಅಲ್ಲವೇ,” ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. “ಇದನ್ನು ಬೇರೆಯವರು ಹಾಕುತ್ತಾರೆ.”

ಇಡೀ ಊರಿನಲ್ಲಿ ನನಗೆ ರಜೆ ಕೊಟ್ಟವಳು ಅವಳೊಬ್ಬಳೇ. ಐದು ನಿಮಿಷದಲ್ಲಿ ಅದನ್ನೂ ಮರೆತು ಕಾಫಿ ಕೇಳಿದಳು.

ಒಂಬತ್ತನೇ ದಿನ ತಮ್ಮಲೆ ಹೋದರು. ಹರೀಶ ಫೋನು ಹಿಡಿದು ತೋರಿಸಿದ. ಅಂಗಳದ ತುಂಬ ಜನ, ನಡುವೆ ಬಿಳಿ ಬಟ್ಟೆ. ನೆಟ್‌ವರ್ಕ್ ಕಡಿದು ಚಿತ್ರ ನಿಂತುಹೋಯಿತು. ಮೂರು ವಾರ ಬಿಟ್ಟು ನಾನು ಸಿದ್ಧಕಟ್ಟೆಯಲ್ಲಿ ಇಳಿಯುವಾಗ ಬೊಜ್ಜವೂ ಮುಗಿದಿತ್ತು. ಉತ್ತರಕ್ರಿಯೆಗೆ ನಾವು ಹೇಳುವುದು ಹಾಗೆ. ಸಿಕ್ಕಿದವರೆಲ್ಲ ‘ಯಾವಾಗ ಬಂದದ್ದು’ ಎಂದು ಕೇಳಿ, ಅದೇ ಉಸಿರಿನಲ್ಲಿ ‘ಯಾವಾಗ ಹೋಗುದು’ ಎಂದರು. ಊರಿಗೆ ಬಂದವಳಿಗೆ ಕೇಳುವ ಮಾತೇ ಅದು? ಆದರೆ ನನ್ನ ಚೀಲದಲ್ಲಿ ಹಿಂದೆ ಹೋಗುವ ಟಿಕೇಟು ಇತ್ತು.

ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ನೀರು ಕೊಟ್ಟು ಹೇಳಿದರು.

“ಕೊನೆಗೆ ಹಾಲು ಕೂಡ ಇಳೀತಿರ್ಲಿಲ್ಲ ಅವರಿಗೆ. ‘ಅವಳಿಗೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ, ಕಾಯ್ಬೇಡಿ’ ಅಂತ ಬಂದವರೆಲ್ಲ ಹೇಳಿದ್ರು. ಕೇಳ್ಳಿಲ್ಲ. ‘ಬಿಡ್ತಾರೆ ಅವಳನ್ನು. ಅಲ್ಲಿ ನನಗೆ ಶಬ್ದ ಉಂಟು’ ಅಂತ ಹೇಳ್ತಾ ಗೇಟನ್ನೇ ನೋಡ್ತಿದ್ರು.”

ನಾನು ನೀರಿನ ಲೋಟ ಕೆಳಗಿಟ್ಟೆ.

“ನೀನು ಅವತ್ತು ಹೇಳಿದ್ದು ಸುಮ್ಮನೆಯಾ ಮಗಾ?” ಎಂದು ಅಮ್ಮ ಕೇಳಿದರು. “ಅವರ ಖುಷಿಗೆ?”

“ಅಲ್ಲಮ್ಮ,” ಎಂದೆ. “ಶಬ್ದ ಉಂಟು. ಶಬ್ದ ಮಾತ್ರ ಉಂಟು.”