ಖಂಡೇಪೂಜೆಗೆ ತೊಳೆದ ಕಲ್ಲುಗಳು

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೋಟಾರ್ ರಿಪೇರಿ ಅಂಗಡಿ. ಕಾಲುವೆ ಬಂದ ಮೇಲೆ ನಮ್ಮ ಕಡೆ ನೀರೆತ್ತುವ ಪಂಪುಗಳಿಗೇನೂ ಕೊರತೆಯಿರಲಿಲ್ಲ. ನನ್ನ ಜಂಬಕ್ಕೂ ಇರಲಿಲ್ಲ. ನೀರಿನ ವಿಷಯವೆಂದರೆ ಈ ಊರಲ್ಲಿ ನನ್ನನ್ನೇ ಕೇಳಬೇಕು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಹಾಗಾಗಿ ಮಕ್ಕಳ ಡಾಕ್ಟರೊಬ್ಬರು ತಮ್ಮ ದವಾಖಾನೆಯಲ್ಲಿ ಸಮುದ್ರದ ಮೀನು ಸಾಕಲು ಗೋಡೆಯುದ್ದದ ಗಾಜಿನ ತೊಟ್ಟಿ ಮಾಡಿಸುತ್ತೇನೆ, ನೀರು ಸೋಸುವ ವ್ಯವಸ್ಥೆ ಯಾರು ಮಾಡಿಕೊಡುತ್ತಾರೆ ಎಂದು ವಿಚಾರಿಸಿದಾಗ, ಸಮುದ್ರವನ್ನೇ ಕಾಣದ ನಾನು ಅದೇನು ಮಹಾ, ನಾ ಮಾಡ್ತೀನ್ರಿ ಎಂದುಬಿಟ್ಟೆ.

ಯೋಜನೆ ಕೆಟ್ಟದ್ದಾಗಿರಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ. ದೊಡ್ಡ ತೊಟ್ಟಿಯ ಕೆಳಗೆ ಒಂದು ಸಣ್ಣ ತೊಟ್ಟಿ, ಅದರಲ್ಲಿ ಮೂರು ಖಾನೆ. ಮೊದಲನೆಯದರಲ್ಲಿ ಕಸ ಹಿಡಿಯಲು ಸ್ಪಂಜು, ಎರಡನೆಯದರಲ್ಲಿ ತೂತುತೂತಿನ ಕಲ್ಲು, ಮೂರನೆಯದರಲ್ಲಿ ನೀರನ್ನು ಮತ್ತೆ ಮೇಲೆತ್ತುವ ಪಂಪು. ಕಾಲುವೆ ನೀರಿನಲ್ಲಿ ಗದ್ದೆಯ ಗೊಬ್ಬರ ಇಳಿದಿರುತ್ತದೆಂದು ಅದನ್ನು ಬಿಟ್ಟು, ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತರಿಸಿ, ಪಾಕೀಟಿನಲ್ಲಿ ಬರುವ ಸಮುದ್ರದ ಉಪ್ಪು ಕಲಸಿದೆ. ಆ ಕಲ್ಲು ಯಾಕೆ ಬೇಕು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಹೈದರಾಬಾದಿನ ಮೀನಿನ ಅಂಗಡಿಯವನು ಹಾಕು ಅಂದ, ಹಾಕಿದೆ.

ಮೀನು ನೋಡಿಕೊಳ್ಳಲು ತಿಂಥಣಿಯಿಂದ ಒಬ್ಬ ಕಾಕಾನನ್ನು ನಾನೇ ಕರೆತಂದೆ. ಕೃಷ್ಣೆಯಲ್ಲಿ ಬಲೆ ಬೀಸಿ ಬಾಳಿದವನು, ಭುಜ ಸೋತು ಮನೆಯಲ್ಲಿ ಕೂತಿದ್ದ. ಡಾಕ್ಟರು ದವಾಖಾನೆಯ ಹಿಂದಿನ ಕೋಣೆ ಕೊಟ್ಟರು. ಹೊಸ ಮಡಕೆಗೆ ಮೀನು ಬಿಡಬಾರದು, ನೀರು ತಿಂಗಳೊಪ್ಪತ್ತು ಹಳತಾಗಲಿ ಎಂದು ಅವನು ಹೇಳಿದ್ದಕ್ಕೆ ಡಾಕ್ಟರು ಕಾದರು. ಆಮೇಲೆ ಬಂದ ಹನ್ನೊಂದು ಮೀನುಗಳಲ್ಲಿ ಒಂದೂ ಸಾಯಲಿಲ್ಲ. ಹೊಗಳಿಕೆ ನನಗೆ ಬಂತು, ನಾನು ತೆಗೆದುಕೊಂಡೆ.

ಮಹಾನವಮಿ ಬಂತು. ಖಂಡೇಪೂಜೆ ಎಂದರೆ ನಮ್ಮಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಬೇಕು. ಕೆಳಗಿನ ತೊಟ್ಟಿ ತೆಗೆದು ನೋಡಿದರೆ ಕಲ್ಲಿನ ಮೇಲೆಲ್ಲ ಕಂದು ಲೋಳೆ. ಥೂ, ಇಂಥ ಹೊಲಸು ಯಂತ್ರಕ್ಕೆ ಆರತಿ ಎತ್ತುವುದೇ? ಎಲ್ಲ ಹೊರಗೆ ತೆಗೆ, ನಲ್ಲಿ ಕೆಳಗೆ ತಿಕ್ಕೋಣ ಎಂದೆ. ಕಾಕಾ ಅಡ್ಡ ನಿಂತ.

“ಲೋಳಿ ತೊಳಿಬ್ಯಾಡ್ರಿ ಮಿಸ್ತ್ರಿ. ಮೀನಿನ ಹೊಲಸು ತಿನ್ನೂದ ಅದು. ನಾವು ಜೀವಂತ ಮೀನ ಇಡೂ ಮಡಕಿ ಒಳಗ ಎಂದೂ ತಿಕ್ಕಂಗಿಲ್ಲ.”

ನರ್ಸುಗಳು, ಕಂಪೌಂಡರು ಎಲ್ಲ ನೋಡುತ್ತಿದ್ದರು. “ಬಲೆ ನಿಂದು ಕಾಕಾ, ಮಷೀನ ನಂದು” ಎಂದೆ. ಅವರೆಲ್ಲ ನಕ್ಕರು. ಕಾಕಾ ಒಂದು ಬಕೆಟ್ ಎತ್ತಿಕೊಂಡು ತನ್ನ ಕೋಣೆಗೆ ಹೋದ. ನಾನು ಬ್ಲೀಚಿಂಗ್ ಪುಡಿ ನಾರುವ ನಲ್ಲಿ ನೀರಿನಲ್ಲಿ ಸ್ಪಂಜು, ಕಲ್ಲು ಎಲ್ಲ ತಿಕ್ಕಿ, ಕಲ್ಲನ್ನು ಬಿಸಿಲಿಗೆ ಹರವಿ ಒಣಗಿಸಿ, ತಿರುಗಿ ಜೋಡಿಸಿದೆ. ಪಂಪಿಗೆ ವಿಭೂತಿ ಎಳೆದು ಕಾಯಿ ಒಡೆದೆ. ಎಲ್ಲ ಲಕಲಕ ಹೊಳೆಯುತ್ತಿತ್ತು.

ಮೂರನೆಯ ದಿನ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡತೊಡಗಿದವು. ಮರುದಿನಕ್ಕೆ ಏಳು ಸತ್ತವು. ಹೈದರಾಬಾದಿಗೆ ಫೋನ್ ಮಾಡಿದರೆ ಅಂಗಡಿಯವನು ಮೊದಲು ಕೇಳಿದ್ದೇ ಕಲ್ಲು ತೊಳೆದಿರೇನು ಎಂದು. ಆ ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಮೀನಿನ ಹೊಲಸು ವಿಷವಾಗದಂತೆ ತಿಂದು ಕಾಯುವುದು ಅವೇ, ಅವನ್ನು ಕೊಂದು ಕೂತಿದ್ದೀರಿ ಎಂದು ಉಗಿದ. ಕಾಕಾ ಹೇಳಿದ್ದೂ ಅದನ್ನೇ.

ಫೋನ್ ಇಟ್ಟು ತಿರುಗಿದರೆ ಡಾಕ್ಟರು ನಿಂತಿದ್ದಾರೆ. ನೀರಿಗೆ ಯಾರು ಕೈ ಹಚ್ಚಿದರು ಎಂದು ಕೇಳಿದರು. ಕಾಕಾನ ಮಾತನ್ನು ಎಲ್ಲರೂ ನಗುವಿನಲ್ಲೇ ಮರೆತಿದ್ದರು; ತೊಳೆದದ್ದರಿಂದ ಮೀನು ಸಾಯುತ್ತವೆಂದು ಅಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: “ಕಾಕಾ ಏನರ ಹಾಕಿರಬೇಕ್ರಿ.”

ಕಾಕಾ ಬಾಗಿಲಲ್ಲೇ ಇದ್ದ. ನನ್ನನ್ನೊಮ್ಮೆ ನೋಡಿ ತನ್ನ ಕೋಣೆಗೆ ತಿರುಗಿದ. ಸಂಜೆಯ ಬಸ್ಸಿಗೆ ಅವನನ್ನು ಕಳಿಸಿಬಿಟ್ಟರು.

ಅವನ ಕೋಣೆ ಖಾಲಿ ಮಾಡಲು ಹೋದಾಗ ಮೂಲೆಯಲ್ಲಿ ಆ ಬಕೆಟ್ ಇತ್ತು. ಅದರಲ್ಲಿ ತೊಟ್ಟಿಯದೇ ಉಪ್ಪುನೀರು, ಗುಳುಗುಳು ಗಾಳಿ ಬಿಡುವ ಸಣ್ಣ ಕೊಳವೆ, ತಳದಲ್ಲಿ ಲೋಳೆ ಹಾಗೇ ಇದ್ದ ಕಲ್ಲುಗಳು. ನಾನು ತೊಳೆಯದೆ ಬಿಡುವವನಲ್ಲವೆಂದು ಗೊತ್ತಾಗಿ ಒಂದಷ್ಟನ್ನು ಉಳಿಸಿಟ್ಟಿದ್ದ. ಮಷೀನು ನನ್ನದೆಂದು ನಾನು ಗದರಿದ ಮೇಲೆ ತೊಟ್ಟಿಗೆ ಕೈ ಹಾಕಲು ಹೆದರಿರಬೇಕು. ಅವನ್ನು ಒಯ್ದು ಎರಡನೆಯ ಖಾನೆಗೆ ಹಾಕಿ, ಅರ್ಧ ನೀರು ಬದಲಿಸಿದೆ. ಉಳಿದ ನಾಲ್ಕು ಮೀನು ಬದುಕಿದವು. ಡಾಕ್ಟರು ನನ್ನ ಬೆನ್ನು ತಟ್ಟಿದರು. ನಾನು ಅದನ್ನೂ ತೆಗೆದುಕೊಂಡೆ, ನಾಚಿಕೆಗೆಟ್ಟವನು.

ಹೋಳಿ ಹುಣ್ಣಿಮೆಯ ಹೊತ್ತಿಗೆ ನದಿ ದಡದ ಒಂದು ಪಂಪ್ ರಿಪೇರಿಗೆ ತಿಂಥಣಿಗೆ ಹೋಗಬೇಕಾಯಿತು. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಕಾಕಾ ಕಂಡ. ತಪ್ಪಿಸಿಕೊಳ್ಳಲು ನೋಡಿದೆ, ಅವನೇ ಬಂದ. ಮೊದಲು ಮೀನು ಬದುಕಿದವೇ ಎಂದು ಕೇಳಿದ. ನಾಲ್ಕು ಉಳಿದವು ಎಂದೆ. ಅವನ ಮುಖ ಅರಳಿತು. ಆಮೇಲೆ ದನಿ ತಗ್ಗಿಸಿದ.

“ನಮ್ಮ ಮಂದಿ ನನಗ ಮೀನ ಕೊಂದಂವ ಅಂತಾರ್ರಿ. ತಿನ್ನಾಕ ಕೊಂದ್ರ ಬ್ಯಾರೆ, ಸಾಕಾಕ ಕೊಟ್ಟದ್ದ ಕೊಂದ್ರ ಬ್ಯಾರೆ. ಸಾಹೇಬ್ರಿಗೆ ಖರೇ ಹೇಳೀರೇನ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಗತಿಯೂ ಅದೇ. ಅವನ ಕಣ್ಣು ತಪ್ಪಿಸುವ ಅವಸರಕ್ಕೆ “ಹೇಳೀನಿ ಕಾಕಾ” ಎಂದೆ.

ಹಾಗಾದರೆ ನಾನೂ ಬರುತ್ತೇನೆ ಎಂದ. ಮನೆಗೆ ಓಡಿ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಬಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತ. ದಾರಿಯುದ್ದಕ್ಕೂ ಮೀನಿನದೇ ಮಾತು. ಹಳದಿ ಮೀನು ಉಳಿಯಿತೇ, ಅದು ಕೈಯಿಂದ ತಿನ್ನುತ್ತಿತ್ತು ಎಂದ. ನಿಜ ಹೇಳಲು ಸುರಪುರದವರೆಗೂ ನನಗೆ ಸಮಯವಿತ್ತು. ಸುರಪುರ ಬಂದದ್ದೇ, ಕಕ್ಕೇರಾದಲ್ಲೊಂದು ಮೋಟಾರ್ ನೋಡುವುದಿದೆ ಎಂದು ಸುಳ್ಳು ಹೇಳಿ ಇಳಿದುಬಿಟ್ಟೆ. ಅವನು ಕಿಟಕಿಯಿಂದ ಕೈ ಎತ್ತಿದ. ಸಂಜೆಯವರೆಗೂ ಆ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದೆ.

ಮರುವಾರ ಸ್ಪಂಜು ನೋಡಲು ಹೋದಾಗ ಡಾಕ್ಟರೇ ವಿಷಯ ತೆಗೆದರು.

“ನಿನ್ನ ಕಾಕಾ ಬಂದಿದ್ದ. ಮಿಸ್ತ್ರಿ ನಿಮಗ ಎಲ್ಲಾ ಹೇಳ್ಯಾರಲ್ರಿ ಅಂದ. ಏನು ಹೇಳ್ಯಾನ ಅಂದೆ. ಏನಿಲ್ರಿ, ಮೀನ ನೋಡಾಕ ಬಂದಿದ್ದೆ ಅಂತ ಅಂದು, ಆ ಹಳದಿ ಮೀನಿನ ಮುಂದ ಒಂದೀಟು ನಿಂತು ಹೋದ.”

ನನ್ನ ಕೈ ಮೊಣಕೈವರೆಗೆ ಉಪ್ಪುನೀರಿನಲ್ಲಿತ್ತು. ಬಸ್ಸಿನಲ್ಲಿ ಹೇಳಲಿಲ್ಲ, ಆಗಲಾದರೂ ಹೇಳಬಹುದಿತ್ತು. “ಹೌದೇನ್ರಿ” ಎಂದೆ. ಎಂದು, ಸ್ಪಂಜನ್ನು ನಲ್ಲಿಗೆ ಒಯ್ಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ಹಿಂಡಿದೆ. ಲೋಳೆ ಹೋಗದಂತೆ.