ದೋಣಿಯ ಕ್ಯಾನಿನ ಪೆಟ್ರೋಲು

ಅಪ್ಪಯ್ಯನ ಬೈಕು ಹುಟ್ಟಿದ್ದು ಮೈಸೂರಿನ ಕಾರ್ಖಾನೆಯಲ್ಲಿ. ಅದರ ಮೂಲ ನಕ್ಷೆ ಜೆಕ್ ದೇಶದ್ದಂತೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾದರೂ ಬೈಂದೂರಿನ ನಮ್ಮ ಮನೆಯಲ್ಲಿ ಅದು ಗಟ್ಟಿಯಾಗಿಯೇ ಇತ್ತು. ಒಂದು ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರೂ ಗೇರೂ ಒಂದೇ ಲಿವರು. ಹಿಂದಕ್ಕೆ ತಿರುಗಿಸಿದರೆ ಕಿಕ್ಕರು, ಮುಂದಕ್ಕೆ ತಂದರೆ ಗೇರು. ತಮ್ಮನಿಗೆ ಅದನ್ನು ಒದೆಯಲು ಬೇಸರ, ನನಗೆ ಹಟ. ಹಾಗಾಗಿ ಮದುವೆಯಾಗಿ ಬ್ರಹ್ಮಾವರಕ್ಕೆ ಹೋಗುವಾಗ ಬೈಕೂ ನನ್ನ ಜೊತೆ ಬಂತು.

ಮರೆವು ಶುರುವಾದ ಮೇಲೆ ಅಪ್ಪಯ್ಯನಿಗೆ ನನ್ನ ಮುಖ ಗುರುತು ಹತ್ತುತ್ತಿರಲಿಲ್ಲ. ಬೈಕಿನ ಶಬ್ದ ಮಾತ್ರ ಹತ್ತುತ್ತಿತ್ತು. ನಾನು ಗೇಟು ದಾಟುವ ಮೊದಲೇ ಜಗಲಿಯಿಂದ ಒಳಕ್ಕೆ ಕೂಗುತ್ತಿದ್ದರು: "ಹ್ವಾಯ್, ಮಗ್ಳ್ ಬಂದ್ಳ್, ಮೀನ್ ಹುರಿನಿ!" ಆಮೇಲೆ ಒಂದು ಗಂಟೆ ನಾನು ಅವರ ಮಗಳಾಗಿರುತ್ತಿದ್ದೆ. ಆ ಒಂದು ಗಂಟೆಗಾಗಿ ಪ್ರತಿ ಭಾನುವಾರ ಹೋಗುತ್ತಿದ್ದೆ.

ಇಂಥ ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಇಲ್ಲದಿದ್ದರೆ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ದೋಣಿಯ ಇಂಜಿನ್ನಿಗೂ ಅದೇ ಪಥ್ಯವಾದ್ದರಿಂದ ಶೆಡ್ಡಿನಲ್ಲಿ ಎಣ್ಣೆ ಬೆರೆಸಿಟ್ಟ ಕ್ಯಾನು ಸದಾ ಇರುತ್ತಿತ್ತು. ಬೈಕಿಗೂ ಅದರಿಂದಲೇ ಹೊಯ್ಯುವುದು ಮನೆಯ ರೂಢಿ. ಈ ಸಲ ತಮ್ಮ ದೋಣಿಗೆ ಹೊಸ ಫೋರ್ ಸ್ಟ್ರೋಕ್ ಇಂಜಿನ್ನು ಹಾಕಿಸಿದ್ದ. ಅದಕ್ಕೆ ಬರೀ ಪೆಟ್ರೋಲು ಸಾಕು. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮೂಸಿ ನೋಡಿದ್ದರೂ ಗೊತ್ತಾಗುತ್ತಿತ್ತು. ನನ್ನ ಮೂಗಿಗೆ ಅಷ್ಟೂ ಪುರುಸೊತ್ತಿರಲಿಲ್ಲ. ಖಾಲಿ ಟ್ಯಾಂಕಿಗೆ ಕ್ಯಾನು ಬಗ್ಗಿಸಿ ಬ್ರಹ್ಮಾವರಕ್ಕೆ ಹೊರಟೆ.

ಹೆಮ್ಮಾಡಿ ದಾಟುವಾಗ ಹಿಂದಿನ ಚಕ್ರ ಕಿರ್ರೆಂದು ನಿಂತುಬಿಟ್ಟಿತು.

"ಎಂತ ಅಕ್ಕಾ, ಎಣ್ಣಿ ಹಾಕ್ಲಿಲ್ಯಾ?" ಎಂದ ಕುಂದಾಪುರದ ಮೆಕ್ಯಾನಿಕ್, ಇಂಜಿನ್ನು ಬಿಚ್ಚಿ. "ಈ ಸಿಲಿಂಡರ್ ಇನ್ನ್ ಆತಿಲ್ಲೆ. ಬೇರೆ ಹಾಕ್ಕ್."

ಕೆಟ್ಟ ಮೇಲೆ ಬುದ್ಧಿ ಬಂತು. ಅವನು ಎಲ್ಲಿಂದಲೋ ಸಿಲಿಂಡರು ಹುಡುಕಿದ, ಪಿಸ್ಟನ್ನು ತರಿಸಿದ, ಸೈಲೆನ್ಸರುಗಳ ಒಳಗಿನ ವರ್ಷಗಟ್ಟಲೆಯ ಮಸಿಯನ್ನೂ ಕೆರೆದು ತೆಗೆದ. ಎರಡು ತಿಂಗಳ ನಂತರ ಒಂದೇ ಕಿಕ್ಕಿಗೆ ಶುರು ಮಾಡಿ, "ಹೊಸ ಗಾಡಿ ಕಣಗೆ ಇತ್ತ್ ಕಾಣಿ" ಎಂದು ಬೀಗಿದ. ಶಬ್ದವೂ ಬೇರೆಯಾಗಿತ್ತು. ಹೊಸ ಗಾಡಿ ಯಾರಿಗೆ ಬೇಕಿತ್ತು?

ಭಾನುವಾರ ಬೈಂದೂರಿನ ಅಂಗಳಕ್ಕೆ ಬೈಕು ತಂದೆ. ಜಗಲಿಯಿಂದ ಕೂಗು ಬರಲಿಲ್ಲ. ಅಪ್ಪಯ್ಯ ಎದ್ದು, ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು, "ಬನ್ನಿ, ಕೂಕಣಿ" ಎಂದರು. ನೆಂಟರಿಗೆ ಕೊಡುವ ಹಾಗೆ ಬೆಲ್ಲ, ನೀರು ತರಲು ಒಳಗೆ ಹೇಳಿದರು. ನನಗೆ ತಡೆಯಲಾಗಲಿಲ್ಲ. ಬೈಕು ಆರಿಸಿ ಮತ್ತೆ ಒದ್ದೆ. ಇನ್ನೊಮ್ಮೆ ಒದ್ದೆ. "ಅಪ್ಪಯ್ಯಾ, ನಾನ್" ಎಂದು ಅತ್ತೆ.

ಅವರು ಮರ್ಯಾದೆಗೆಂಬಂತೆ ಸ್ವಲ್ಪ ಹೊತ್ತು ಶಬ್ದ ಕೇಳಿದರು.

"ಒಳ್ಳೆ ಗಾಡಿ. ನಮ್ಮ್ ಮಗ್ಳ್ ಹತ್ರನೂ ಒಂದ್ ಇತ್ತ್. ಅವ್ಳ್ ಬಪ್ಪು ಹೊತ್ತಾಯ್ತ್, ಇದನ್ನ್ ಸ್ವಲ್ಪ ಬದಿಗ್ ನಿಲ್ಸಿ."

ನಾನು ಬೈಕನ್ನು ತಳ್ಳಿ ಬದಿಗೆ ನಿಲ್ಲಿಸಿದೆ.